ಪಾರ್ಕಿನ ಟ್ಯಾಂಕು

"ಕೊಡಬಾರದು" ಎಂದು ತುಂಬಿದ ಸಭೆಯಲ್ಲಿ ಎದ್ದು ನಿಂತು ಹೇಳಿದವನು ಬೇರೆ ಯಾರೂ ಅಲ್ಲ, ಇಸ್ತ್ರಿಯಕ್ಕನ ಸ್ವಂತ ಗಂಡ.

ಪ್ರೇಕ್ಷಕರ ಬೆಂಚಿನಲ್ಲಿ ಕೂತಿದ್ದ ಇಸ್ತ್ರಿಯಕ್ಕನ ಮೈಯೆಲ್ಲ ಉರಿದುಹೋಯಿತು. ಇದೊಂದು ಸಂಕಟ ನೋಡಿ. ಅವಳ ತವರು ನದಿಯಾಚೆಯ ಪುಟ್ಟ ದೇಶ. ಅದರ ಮೇಲೆ ಪಕ್ಕದ ದೊಡ್ಡ ದೇಶ ದಂಡೆತ್ತಿ ಬಂದು ಎಂಟು ತಿಂಗಳಾಗಿತ್ತು. ಬಸ್ಸು ಓಡಿಸಿಕೊಂಡಿದ್ದ ಅವಳ ಒಬ್ಬನೇ ತಮ್ಮ ಈಗ ಅಲ್ಲಿ ಸೈನಿಕ. ಶಸ್ತ್ರ ಕೊಡಿ ಎಂದು ಆ ಪುಟ್ಟ ದೇಶದವರು ಅಂಗಲಾಚಿದಾಗ ನದಿಯ ಈಚೆಯ ನಮ್ಮ ರಾಜಧಾನಿ ಜಾಣತನ ಮಾಡಿತು. ಯಾವ ಊರಿನ ಪಾರ್ಕಿನಲ್ಲಿ ಹಳೇ ಟ್ಯಾಂಕು ನಿಂತಿದೆಯೋ, ಅದನ್ನು ಕೊಡುವುದೂ ಬಿಡುವುದೂ ಆಯಾ ನಗರಸಭೆಗೆ ಸೇರಿದ್ದು ಎಂದು ಸುತ್ತೋಲೆ ಹೊರಡಿಸಿ ಕೈತೊಳೆದುಕೊಂಡಿತು.

ಈ ಊರಿನ ಪಾರ್ಕಿನಲ್ಲೂ ಒಂದಿತ್ತು. ಅಜ್ಜಂದಿರ ಕಾಲದ್ದು, ಆದರೆ ಕೆಟ್ಟು ಕೂತದ್ದಲ್ಲ. ನಗರಸಭೆಯ ಮೆಕ್ಯಾನಿಕ್ಕಾದ ಇಸ್ತ್ರಿಯಕ್ಕನ ಗಂಡ ಹನ್ನೊಂದು ವರ್ಷದಿಂದ ಅದನ್ನು ಮಗುವಿನ ಹಾಗೆ ಸಾಕಿದ್ದ. ವರ್ಷಕ್ಕೊಮ್ಮೆ ಚಾಲೂ ಮಾಡಿ ಪಾರ್ಕಿಗೆ ಒಂದು ಸುತ್ತು ಹೊಡೆಸುತ್ತಿದ್ದ. ಈಚೆಗಂತೂ ಅವನ ಪ್ರೀತಿ ಅತಿರೇಕಕ್ಕೆ ಹೋಗಿತ್ತು. ಬಣ್ಣ ಬಳಿಯಬೇಕೆಂದು ಹತ್ತು ದಿನ ಶೆಡ್ಡಿಗೆ ಒಯ್ದು ಮತ್ತೆ ತಂದಿಟ್ಟವನು ಸುತ್ತಲೂ ಬೇಲಿ ಹಾಕಿಸಿದ. ಮಕ್ಕಳು ಹತ್ತುವಂತಿಲ್ಲ. ನಾಲ್ಕು ಹನಿ ಬಿದ್ದರೆ ಸಾಕು, ಟಾರ್ಪಾಲು ಹಿಡಿದು ಎದ್ದೆನೋ ಬಿದ್ದೆನೋ ಎಂದು ಓಡುತ್ತಿದ್ದ. ಈ ವರ್ಷದ ಸುತ್ತೂ ಇಲ್ಲ, ಇಂಜಿನ್ನು ಜಾಮಾಗಿದೆಯಂತೆ. ಅವನ ಅಂಗಿಗಳ ಮೇಲಿನ ಹಸಿರು ಬಣ್ಣ ಉಜ್ಜಿ ಉಜ್ಜಿ ಇಸ್ತ್ರಿಯಕ್ಕನ ಕೈ ಬಿದ್ದುಹೋಗಿತ್ತು.

ಟ್ಯಾಂಕು ಕೊಡಬಾರದೆಂದು ಮನೆಯಲ್ಲೂ ಅವನದು ಅದೇ ರಾಗ. ಯಾಕೆ ಎಂದರೆ ಬಾಯಿಗೆ ಬೀಗ. ಹೆಂಡತಿಯ ಒಡಹುಟ್ಟಿದವನಿಗಿಂತ ಒಂದು ಕಬ್ಬಿಣದ ಮುದ್ದೆ ಹೆಚ್ಚಾಯಿತೇ ಎಂದು ಅತ್ತು, ಜಗಳವಾಡಿ, ಕೊನೆಗೆ ಅವಳು ಮಾತೇ ಬಿಟ್ಟಳು. ಅದಕ್ಕೂ ಇಪ್ಪತ್ತು ದಿನವಾಗಿತ್ತು. ಮೊನ್ನೆ ತಮ್ಮನ ಕಾಗದ ಬಂತು. ಚೆನ್ನಾಗಿದ್ದೇನೆ, ಗೇರು ಈಗ ಸಲೀಸಾಗಿದೆ ಅಂತ ಭಾವನಿಗೆ ಹೇಳು ಎಂದು ಬರೆದಿದ್ದ. ಪಾಪ, ಅಲ್ಲೂ ಯಾವುದೋ ಡಕೋಟಾ ಬಸ್ಸು ಗಂಟುಬಿದ್ದಿರಬೇಕು ಎಂದು ಕಣ್ಣೊರೆಸಿಕೊಂಡಳೇ ಹೊರತು ಗಂಡನಿಗೆ ಹೇಳಲು ಹೋಗಲಿಲ್ಲ.

ಗಂಡನ ಜೊತೆ ಮಾತು ಬಿಟ್ಟರೇನು, ಊರಿನ ಜೊತೆ ಬಿಟ್ಟಿರಲಿಲ್ಲವಲ್ಲ. ಅವಳ ಇಸ್ತ್ರಿ ಅಂಗಡಿಗೆ ಬಂದ ಸುದ್ದಿ ಮಡಿಸಿದ ಬಟ್ಟೆಯ ಜೊತೆಗೇ ಮನೆಮನೆ ಸೇರುತ್ತಿತ್ತು. ಇವಳಿಗೆ ಗುಟ್ಟು ಹೇಳುವುದೂ ಒಂದೇ, ಡಂಗುರ ಹೊಡೆಸುವುದೂ ಒಂದೇ ಎಂದು ಗಂಡ ಮೊದಲಿನಿಂದ ಗೊಣಗುತ್ತಿದ್ದ. ಅದೇ ಬಾಯಿಯಿಂದ ಇಪ್ಪತ್ತೊಂದು ಸದಸ್ಯರಲ್ಲಿ ಹತ್ತು ಜನರನ್ನು ಅವಳು ಒಲಿಸಿಕೊಂಡಿದ್ದಳು. ಬೇಕಾಗಿದ್ದದ್ದು ಇನ್ನೊಂದೇ ಒಂದು ಕೈ.

ಚರ್ಚೆ ಬೆಳಿಗ್ಗೆಯಿಂದ ನಡೆದಿತ್ತು. ಟ್ಯಾಂಕು ಹೋದರೆ ಅದನ್ನು ನೋಡಲು ಬರುವವರೂ ಹೋಗುತ್ತಾರೆಂದು ಪಾರ್ಕಿನೆದುರು ಕಾಫಿ ಅಂಗಡಿ ಇಟ್ಟಿದ್ದ ಸದಸ್ಯರು ಕಳವಳಪಟ್ಟರು. ದೊಡ್ಡ ದೇಶ ಸಿಟ್ಟಾಗಿ ನಮ್ಮೂರಿಗೇ ಗುರಿಯಿಟ್ಟರೆ ಗತಿಯೇನು ಎಂದು ನಿವೃತ್ತ ಮೇಷ್ಟ್ರು ಭೂಪಟ ಬಿಡಿಸಿದರು. ಅದರಲ್ಲಿ ನಮ್ಮೂರು ಹುಡುಕಿದರೂ ಸಿಗಲಿಲ್ಲ. ಹಲ್ಲಿನ ಡಾಕ್ಟರಮ್ಮ ಮಾತ್ರ ಎತ್ತಲೂ ವಾಲಲಿಲ್ಲ. ಟ್ಯಾಂಕು ಬೇಕಾದರೆ ಕೊಡೋಣ, ಆದರೆ ಅದರಿಂದ ಯಾರಿಗೂ ಪೆಟ್ಟಾಗಬಾರದು ಎಂದರು.

ಆಗಲೇ ತಜ್ಞರ ಅಭಿಪ್ರಾಯಕ್ಕೆಂದು ಮೆಕ್ಯಾನಿಕ್ಕನನ್ನು ಕರೆದದ್ದು, ಅವನು ಕೊಡಬಾರದು ಎಂದದ್ದು.

"ಯಾಕಪ್ಪಾ?" ಎಂದರು ಅಧ್ಯಕ್ಷರು.

"ಪಾರ್ಕಲ್ಲಿ ನಿಂತಿರೋದು ಯುದ್ಧಕ್ಕೆ ಆಗಿಬರಲ್ಲ ಸ್ವಾಮಿ. ಒಂದು ಗುಂಡೂ ತಡೆಯಲ್ಲ. ಅದನ್ನ ಕಳಿಸಿದ್ರೆ ನಮ್ಮೂರಿನ ಮಾನ ಹರಾಜಾಗತ್ತೆ. ನನ್ನ ಮಾತು ಕೇಳಿ, ಅದರ ತಂಟೆಗೆ ಹೋಗಬೇಡಿ."

ಹೇಡಿ ಎಂದು ಹಿಂದಿನ ಸಾಲಿನಿಂದ ಯಾರೋ ಕೂಗಿದರು. ಅವನು ತಲೆ ತಗ್ಗಿಸಿ ಕೂತ. ಕಟ್ಟಿಕೊಂಡವನನ್ನು ಹಾಗಂದದ್ದಕ್ಕೆ ಇಸ್ತ್ರಿಯಕ್ಕನಿಗೆ ಚುರುಕ್ಕೆಂದಿತು, ನಿಜ. ಆದರೂ ಎದ್ದು ನಿಂತು, ಎರಡು ಮಾತಿಗೆ ಅಪ್ಪಣೆ ಕೇಳಿದಳು.

"ನನ್ನ ತಮ್ಮನಿಗೂ ಆ ಕಡೆಯ ಗುಂಡಿಗೂ ನಡುವೆ ಒಂದು ಅಂಗಿ ಬಿಟ್ರೆ ಬೇರೆ ಏನೂ ಇಲ್ಲ" ಎಂದಳು. "ದಿನಾ ನಿಮ್ಮ ಅಂಗಿ ಇಸ್ತ್ರಿ ಮಾಡೋವಾಗ ನನಗೆ ಅದೇ ನೆನಪಾಗತ್ತೆ."

ಅಷ್ಟು ಹೇಳಿ ಕೂತಳು. ಕಾಫಿ ಅಂಗಡಿಯವರು ತಮ್ಮ ಅಂಗಿಯ ತೋಳನ್ನೇ ನೋಡುತ್ತ ಕೂತರು. ಕೊಡಬೇಕೆನ್ನುವವರು ಕೈಯೆತ್ತಿ ಎಂದು ಅಧ್ಯಕ್ಷರು ಹೇಳಿದಾಗ ಹತ್ತು ಕೈ ಎದ್ದವು. ಆಮೇಲೆ, ಬಹಳ ಹೊತ್ತಿನ ಮೇಲೆ, ಡಾಕ್ಟರಮ್ಮನ ಕೈಯೂ ಎದ್ದಿತು.

ಸಭೆ ಚಪ್ಪಾಳೆಯಲ್ಲಿ ಮುಳುಗಿತು. ಅಧ್ಯಕ್ಷರಿಗೆ ಎಲ್ಲಿಲ್ಲದ ಹುರುಪು ಬಂತು. ನಾಳೆ ಹತ್ತು ಗಂಟೆಗೇ ಕ್ರೇನು, ಬ್ಯಾಂಡು, ಪತ್ರಿಕೆಯವರು. ಆ ದೇಶದ ರಾಯಭಾರಿಯೇ ಬಂದು ಟ್ಯಾಂಕಿನ ಮೇಲೆ ಹತ್ತಿ ನಿಂತು ಕೈಬೀಸುತ್ತಾರೆ ಎಂದು ಸಾರಿದರು. ರಾಯಭಾರಿಗಳು ಆಳು ಸ್ವಲ್ಪ ದಪ್ಪ ಎಂದೂ, ಹತ್ತುವುದಕ್ಕೆ ಏಣಿ ಇಡಬೇಕೆಂದೂ ಸೇರಿಸಿದರು.

ಮೆಕ್ಯಾನಿಕ್ಕು ತಲೆ ಮೇಲೆ ಕೈ ಹೊತ್ತು ಕೂತಲ್ಲೇ ಕೂತಿದ್ದ. ಎಷ್ಟಾದರೂ ಗಂಡ, ಗೆದ್ದವಳಿಗೆ ಕನಿಕರ ಬಂತು. ಹತ್ತಿರ ಹೋಗಿ ಪಕ್ಕದಲ್ಲಿ ಕೂತು, ಇಪ್ಪತ್ತು ದಿನದ ಮೌನ ಮುರಿದಳು.

"ಹೋಗಲಿ ಬಿಡಿ. ನಿಮ್ಮ ಟ್ಯಾಂಕು ಎಲ್ಲೂ ಕಳೆದುಹೋಗಲ್ಲ. ಅದೃಷ್ಟ ಇದ್ರೆ ನನ್ನ ತಮ್ಮನೇ ಅದನ್ನ ಓಡಿಸ್ತಾನೆ."

ಅವನು ಅತ್ತಿತ್ತ ನೋಡಿ, ಅವಳ ಕಿವಿಗೆ ಬಾಯಿಟ್ಟ.

"ಅವನು ಅದನ್ನ ಓಡಿಸೋಕೆ ಶುರು ಮಾಡಿ ನಾಲ್ಕು ತಿಂಗಳಾಯ್ತು ಕಣೇ. ಪಾರ್ಕಲ್ಲಿರೋದು ಪ್ಲೈವುಡ್ಡು."