ಪರಸುವಿನ ದಣಿವು

ವಿಜಯಪುರದಲ್ಲಿ ಸೈಕಲ್ ರೇಸ್ ನೋಡುವವರು ಚಹಾದಂಗಡಿಗೆ ಎಣ್ಣೆಬಾಟಲಿ ಹಿಡಿದೇ ಬರುತ್ತಾರೆ; ಸವಾರನ ದಣಿವು ಅವನ ಅಭಿಮಾನಿಗಳ ಕಾಲಿಗೂ ಹಂಚಿಹೋಗುತ್ತದಲ್ಲ.

“ನಿಮ್ಮ ಪರಸು ಗೆಲ್ಲೂದು ಏನ್ ದೊಡ್ಡದು? ಅವನ ದಣಿವು ಹೊರಾಕ ಲಕ್ಷ ಮಂದಿ ಅದೀರಿ,” ಅಂದ ಚಾಂದಸಾಬ, ತಾನು ಮೆಚ್ಚಿದ ಮುದಿ ಸವಾರ ಕಳಿಸಿದ ನೋವಿಗೆ ತೊಡೆ ತಿಕ್ಕಿಕೊಳ್ಳುತ್ತ.

ನೀಲಪ್ಪ ಅಂಗಡಿಯ ಟಿವಿಯತ್ತ ತಿರುಗಿದ. ಇಪ್ಪತ್ತರ ಹುಡುಗ ಪರಸು ಎಲ್ಲ ರೇಸೂ ಗೆಲ್ಲುತ್ತಿದ್ದ, ಆದರೆ ನೀಲಪ್ಪನ ಕಾಲು ಒಮ್ಮೆಯೂ ನೊಂದಿರಲಿಲ್ಲ. ಎಣ್ಣೆ ತರುವುದನ್ನೇ ಬಿಟ್ಟಿದ್ದ. ತನ್ನ ನೆರವೇ ಬೇಡದವನ ಅಭಿಮಾನಿ ಅಂತ ಹೇಳಿಕೊಳ್ಳಲು ನಾಚಿಕೆ.

ಟಿವಿಯಲ್ಲಿ ಕೊನೆಯ ಏರು ಬಂತು. ಪರಸು ಮೊದಲ ಸಲ ತಡವರಿಸಿದ. ನೀಲಪ್ಪನ ಮೀನಖಂಡ ಕಲ್ಲಾಯಿತು.

“ಮುಗೀತು ನಿಮ್ಮ ಹುಡುಗಂದು,” ಅಂದ ಚಾಂದಸಾಬ.

ನೀಲಪ್ಪ ನೋವಿನಲ್ಲೇ ನಕ್ಕು ಕೈಚಾಚಿದ. “ಎಣ್ಣಿ ತಾ ಇಲ್ಲೆ. ಕಡೀಕ ನಮ್ಮನ್ನ ಕರದಾನ.”