ಗಿಟಾರಿನ ಮೂಲೆಗೆ ಮಖಮಲ್ಲಿನ ಕುಲಾವಿ

ಗಂಡನ ಎಲೆಕ್ಟ್ರಿಕ್ ಗಿಟಾರಿನ ಚೂಪು ಮೂಲೆಗಳಿಗೆ ಅವಳು ಮಖಮಲ್ಲಿನ ಕುಲಾವಿ ಹೊಲಿಯುತ್ತಿದ್ದಾಗಲೇ ಅವನು ಗಿಟಾರನ್ನೆತ್ತಿಕೊಂಡು ಬಾಗಿಲು ದಾಟಿ ಒಳಬಂದ. ಒಂದು ಮೂಲೆ ಅವಳ ಮೊಣಕಾಲಿಗೆ ಬಡಿಯಿತು.

“ಅಯ್ಯೋ, ಪೆಟ್ಟಾಯ್ತಾ?” ಎಂದು ಅವನು ಅಲ್ಲೇ ಕುಕ್ಕರಿಸಿದ. “ಪರವಾಗಿಲ್ಲ ಬಿಡಿ,” ಎಂದು ಅವಳು ಮೊಣಕಾಲು ಉಜ್ಜಿಕೊಳ್ಳುವಷ್ಟರಲ್ಲಿ, ಅವನು ಗಿಟಾರಿನ ಮೂಲೆಗೆ ಉಸಿರೂದಿ ಅಂಗಿಯ ತುದಿಯಿಂದ ಒರೆಸುತ್ತಿದ್ದ. “ಸದ್ಯ, ಬಣ್ಣ ಎದ್ದಿಲ್ಲ. ಒಳಗಡೆ ಮೆತ್ತಗಿರೋ ಬಟ್ಟೆನೇ ಹಾಕು ಕಣೇ, ಒರಟು ತಾಗಿದ್ರೆ ಮೆರುಗು ಸವೆದುಹೋಗತ್ತೆ.”

“ನಿಮ್ಮ ಮಹಾರಾಣಿಗೆ ರೇಷ್ಮೆನೇ ಹಾಕ್ತೀನಿ, ಹೋಗಿ.”

ಅವನು ನಗುತ್ತ, ಗಿಟಾರನ್ನು ಎದೆಗವಚಿಕೊಂಡು ಪಕ್ಕದ ಕೋಣೆಗೆ ಹೋದ. ಆ ಕೈ ಅಷ್ಟು ಹಗುರವಾಗಿ ತನ್ನನ್ನು ಮುಟ್ಟಿ ಎಷ್ಟು ಕಾಲವಾಯಿತೋ. ಹೊರಗೆ ಕಾಣುವುದಕ್ಕೆ ಮಖಮಲ್ಲೇ ಇರಲಿ, ಒಳಗೆ ಗೋಣಿತಟ್ಟು ಎಂದುಕೊಂಡು ಅವಳು ಕತ್ತರಿ ಕೈಗೆತ್ತಿಕೊಂಡಳು.