ತಪಾಸಣೆಗಾರನ ಸೂಪು

ಊಟದ ಮೇಜಿನಲ್ಲಿ ಕೂತವನಿಗೆ ಅಡುಗೆಮನೆಯ ಕಪಾಟಿನ ಗಾಜಿನಲ್ಲಿ ಎಲ್ಲವೂ ಕಾಣುತ್ತಿತ್ತು. ಹೆಂಡತಿ ಅತ್ತಿತ್ತ ನೋಡಿ, ಎರಡು ಸೂಪಿನ ಬಟ್ಟಲುಗಳಲ್ಲಿ ಒಂದಕ್ಕೆ ಚಮಚದಷ್ಟು ಬಿಳಿ ಪುಡಿ ಸುರಿದು ಕಲಕಿದಳು. ಆ ಬಟ್ಟಲನ್ನೇ ತಂದು ಗಂಡನ ಮುಂದಿಟ್ಟು, ಇನ್ನೊಂದನ್ನು ತನಗಿಟ್ಟುಕೊಂಡಳು.

ಮೂವತ್ತು ವರ್ಷ ರೈಲಿನಲ್ಲಿ ಟಿಕೆಟ್ ತಪಾಸಣೆ ಮಾಡಿದ ಕಣ್ಣು ಅವನದು. ಅದರ ಮುಂದೆ ಇವಳ ಆಟ ನಡೆಯುವುದುಂಟೇ?

ಪುಡಿ ಯಾವುದೆಂದು ಅವನಿಗೆ ಗೊತ್ತಿತ್ತು. ಕೊಲೆಸ್ಟ್ರಾಲ್ ಏರಿದೆ, ಸಸ್ಯಗಳಿಂದ ತೆಗೆದ ಈ ಪುಡಿಯನ್ನು ಊಟದ ಜೊತೆ ತೆಗೆದುಕೊಳ್ಳಿ ಎಂದು ಡಾಕ್ಟರು ಹೇಳಿದ್ದರು. ಇನ್ನೆರಡು ತಿಂಗಳಿಗೆ ಇಲಾಖೆಯ ವೈದ್ಯಕೀಯ ಪರೀಕ್ಷೆ. ಅಂಕಿ ಇಳಿಯದಿದ್ದರೆ ಅವನನ್ನೇ ರೈಲಿನಿಂದ ಇಳಿಸಿ ಕಚೇರಿಯ ಕುರ್ಚಿಯಲ್ಲಿ ಕೂರಿಸುತ್ತಾರೆ. ಆ ಕುರ್ಚಿ ಅವನಿಗೆ ಸುತರಾಂ ಬೇಡವಾಗಿತ್ತು.

ಆದರೆ ಡಬ್ಬಿಯೊಳಗಿನ ಚೀಟಿಯನ್ನು ಅವನು ಭೂತಗನ್ನಡಿ ಹಿಡಿದು ಓದಿಬಿಟ್ಟಿದ್ದ. ಹೊಟ್ಟೆಯುಬ್ಬರ, ಗ್ಯಾಸು, ಭೇದಿ, ಕೆಲವರಲ್ಲಿ ಮಲಬದ್ಧತೆ.

"ಭೇದಿನೂ ಅಂತೆ, ಮಲಬದ್ಧತೆನೂ ಅಂತೆ! ಮೊದ್ಲು ಯಾವುದಾದ್ರೂ ಒಂದು ತೀರ್ಮಾನಕ್ಕೆ ಬರ್ಲಿ. ನಾನಂತೂ ಮುಟ್ಟಲ್ಲ."

"ಬೇಡ ಅಂದ್ರೆ ಬಿಡಿ," ಎಂದಿದ್ದಳು ಹೆಂಡತಿ. ಅಷ್ಟು ಸಲೀಸಾಗಿ ಅವಳು ಸೋತದ್ದೇ ಅವನಿಗೆ ಅನುಮಾನ ತಂದಿತ್ತು.

ಈಗ ಬಟ್ಟಲುಗಳನ್ನಿಟ್ಟವಳೇ, "ಅಯ್ಯೋ, ನೀರು ಮರೆತೆ," ಎಂದು ಅವಳು ಒಳಗೆ ಹೋದಳು. ಅವನು ಕಣ್ಣು ಮಿಟುಕಿಸುವಷ್ಟರಲ್ಲಿ ಬಟ್ಟಲು ಬದಲಿಸಿದ.

ಮಾರನೆಯ ದಿನ ಅವಳು ಉಪ್ಪು ಮರೆತಳು, ಅದರ ಮಾರನೆಯ ದಿನ ಚಮಚ. ದಿನವೂ ಬಟ್ಟಲು ಬದಲಾಯಿತು. ಪಾಪ, ಇವಳಿಗೂ ವಯಸ್ಸಾಯಿತು ಎಂದು ಅವನಿಗೆ ಮರುಕವೂ ಬಂತು.

ಆದರೂ ಅವನ ಹೊಟ್ಟೆ ಕೈಕೊಟ್ಟಿತು. ಬೋಗಿಯಲ್ಲಿ ಅವನು ಬಾಯಿ ತೆರೆಯುವ ಮೊದಲೇ ಹೊಟ್ಟೆ ಗುಡುಗುಡು ಎಂದು ಟಿಕೆಟ್ ಕೇಳುತ್ತಿತ್ತು. ನಿಲ್ದಾಣದ ಬೆಣ್ಣೆ ಬನ್ನಿನ ಮೇಲೆ ತಪ್ಪು ಹೊರಿಸಿ ಅದನ್ನು ಬಿಟ್ಟ. ತನಗೇ ಹೀಗಾದರೆ ಪುಡಿ ತಿನ್ನುತ್ತಿರುವ ಇವಳ ಗತಿಯೇನು? ದಿನಾ ಸಂಜೆ ಅವಳ ಮುಖ ನೋಡುತ್ತಿದ್ದ. ಅವಳು ಹಾಡು ಗುನುಗುತ್ತಿದ್ದಳು. ಎಲ್ಲ ನುಂಗಿಕೊಂಡು ನಗುತ್ತಿದ್ದಾಳೆ ಎಂದು ಅವನ ಕರುಳು ಚುರ್ರೆಂದಿತು.

ಪರೀಕ್ಷೆಯ ವರದಿ ಬಂತು. ಅಂಕಿ ಇಳಿದಿತ್ತು, ಕೆಲಸ ಉಳಿದಿತ್ತು. ಒಂದೇ ಉಸಿರಿಗೆ ಮನೆಗೆ ಬಂದ. ಸಂತೋಷ ಹೇಳಲು ಹೋದವನ ಬಾಯಿಂದ ತಪ್ಪೊಪ್ಪಿಗೆ ಹೊರಬಿತ್ತು.

"ನನ್ನ ಕ್ಷಮಿಸ್ಬಿಡು ಕಣೇ. ನೀನು ಪುಡಿ ಹಾಕೋದನ್ನ ಗಾಜಲ್ಲಿ ನೋಡಿ ದಿನಾ ಬಟ್ಟಲು ಬದಲಾಯಿಸ್ತಿದ್ದೆ. ಎರಡು ತಿಂಗಳು ನನ್ನ ಔಷಧಿನೆಲ್ಲ ನೀನೇ ತಿಂದೆ."

ಅವಳು ವರದಿಯನ್ನು ಸಾವಕಾಶವಾಗಿ ಓದಿ ಮಡಿಸಿದಳು.

"ಗಾಜಲ್ಲಿ ನೀವು ನೋಡಿದ್ದು ಕಾರ್ನ್‌ಫ್ಲೋರು ರೀ, ಔಷಧಿನ ನನ್ನ ಬಟ್ಟಲಿಗೆ ನೀವು ಇಣುಕೋ ಮುಂಚೆನೇ ಹಾಕಿಟ್ಟಿರ್ತಿದ್ದೆ."